ಪಂಚಮಿಗೆ ಒಯ್ದ ಕೀಲಿ

ಎರಡು ವರ್ಷದ ಹಿಂದಿನ ನಾಗರ ಪಂಚಮಿಯ ಮಾತು ಇದು. ನಾನು ಮಾಡಿದ ಒಂದು ವ್ಯವಹಾರಕ್ಕೆ ಬಿದ್ದ ಬೆಲೆ ಏನು ಅನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ. ದೂರದ ದೇಶದಿಂದ ಕಲಿಯಲು ಬಂದ ಒಬ್ಬ ಹುಡುಗಿಗೆ ತನ್ನ ತಾಯಿಯನ್ನು ಕೊನೆಯ ಸಲ ನೋಡಲಾಗಲಿಲ್ಲ. ಕಾರಣ, ಎರಡು ತಿಂಗಳ ಅಡ್ವಾನ್ಸಿನ ಬದಲು ನಾನು ಅವಳ ಪಾಸ್‌ಪೋರ್ಟನ್ನು ನನ್ನ ಕಪಾಟಿನೊಳಗೆ ಇಟ್ಟುಕೊಂಡಿದ್ದೆ. ವ್ಯವಹಾರ ನನ್ನದು, ಬೆಲೆ ಕೊಟ್ಟವಳು ಅವಳು.

ನನ್ನ ಹೆಸರು ಶಾಂತವ್ವ. ತವರುಮನೆ ಧಾರವಾಡದ ಹತ್ತಿರದ ಉಪ್ಪಿನಬೆಟಗೇರಿ. ಗಂಡ ತೀರಿಕೊಂಡಾಗ ನನಗೆ ಇಪ್ಪತ್ತೊಂಬತ್ತು ವರ್ಷ, ಕೈಯಲ್ಲಿ ಇದ್ದದ್ದು ರೊಟ್ಟಿ ಬೇಯಿಸುವ ಒಂದು ಹಂಚು, ಹಿಟ್ಟು ನಾದುವ ಒಂದು ಕೊಣಮಗಿ. ಜೋಳದ ರೊಟ್ಟಿ ಬಡಿದು ಖಾನಾವಳಿಗಳಿಗೆ ಹಾಕಲು ಶುರು ಮಾಡಿದೆ. ಇಪ್ಪತ್ತು ವರ್ಷ ರೊಟ್ಟಿ ಬಡಿದು ಹುಬ್ಬಳ್ಳಿಯ ನವನಗರದಲ್ಲಿ ಮನೆ ಕಟ್ಟಿಸಿದೆ. ಇಟ್ಟಂಗಿಯವನಿಂದ ಹಿಡಿದು ಬಾಗಿಲಿಗೆ ಬಣ್ಣ ಹಚ್ಚಿದವನವರೆಗೆ ಯಾರೂ ತಾವು ಹೇಳಿದ ರೇಟು ನನ್ನ ಹತ್ತಿರ ತೆಗೆದುಕೊಂಡು ಹೋಗಿಲ್ಲ. ಈ ಮಾತನ್ನು ಮೊದಲು ಹೆಮ್ಮೆಯಿಂದ ಹೇಳುತ್ತಿದ್ದೆ.

ಮಾಳಿಗೆ ಮೇಲೆ ಮೂರು ಖೋಲಿ ತೆಗೆಸಿ ಕಾಲೇಜಿಗೆ ಹೋಗುವ ಹುಡುಗಿಯರಿಗೆ ಬಾಡಿಗೆಗೆ ಕೊಡುತ್ತಿದ್ದೆ. ಮೊದಲ ವರ್ಷವೇ ಒಬ್ಬಳು ಎರಡು ತಿಂಗಳ ಬಾಡಿಗೆ ಕೊಡದೆ, ಹೋಗುವಾಗ ಛತ್ತಿನ ಫ್ಯಾನನ್ನೂ ಬಿಚ್ಚಿಕೊಂಡು ಹೋದಳು. ಫ್ಯಾನು ಹೊತ್ತುಕೊಂಡು ಮೆಟ್ಟಿಲು ಇಳಿದದ್ದನ್ನು ಎದುರು ಮನೆಯವರು ನೋಡಿ, ರಿಪೇರಿಗೆ ಒಯ್ಯುತ್ತಿದ್ದಾಳೆ ಅಂದುಕೊಂಡರಂತೆ. ಅವತ್ತಿನಿಂದ ನಾನೊಂದು ಪದ್ಧತಿ ಮಾಡಿದೆ. ಯಾರೇ ಬರಲಿ, ಅವರ ಅಸಲು ಕಾಗದ ಒಂದು ನನ್ನ ಹತ್ತಿರ ಒತ್ತೆ ಇರಬೇಕು. ಮಾರ್ಕ್ಸ್ ಕಾರ್ಡೋ, ಟಿ.ಸಿ.ಯೋ, ಏನಾದರೂ. ಬಿಡುವ ದಿನ ಖೋಲಿ ನೋಡಿ, ನಲ್ಲಿ ತಿರುವಿ, ಫ್ಯಾನು ಹಾಕಿ ನೋಡಿ ಕಾಗದ ವಾಪಸು ಕೊಡುವುದು. ಕಾಗದಗಳೆಲ್ಲ ನನ್ನ ಖೋಲಿಯ ಕಬ್ಬಿಣದ ಕಪಾಟಿನಲ್ಲಿ. ಕೀಲಿಗೊಂಚಲು ನನ್ನ ಟೊಂಕದಲ್ಲಿ. ಮಲಗುವಾಗಲೂ ತೆಗೆಯುತ್ತಿರಲಿಲ್ಲ.

ಅವಳು ಬಂದದ್ದು ಜಿಟಿಜಿಟಿ ಮಳೆಯ ಒಂದು ಮುಂಜಾನೆ. ಆಟೋದಿಂದ ಇಳಿದವಳ ಎರಡು ಬ್ಯಾಗು, ಒಂದು ಕೊಡೆ ಎಲ್ಲ ತೊಯ್ದಿದ್ದವು. ಹೆಸರು ನೀಮಾ, ತಾಂಜಾನಿಯಾ ದೇಶದವಳು. ಧಾರವಾಡದ ಒಂದು ಕಾಲೇಜಿನಲ್ಲಿ ಬೀಜಗಳ ಬಗ್ಗೆ ಎಂ.ಎಸ್ಸಿ. ಓದಲು ಬಂದಿದ್ದಳು. ಹಾಸ್ಟೆಲಿನಲ್ಲಿ ಜಾಗ ಸಿಗಲು ಇನ್ನೂ ಎರಡು ತಿಂಗಳಿತ್ತು. ಮೇಲಿನ ಖೋಲಿಯಲ್ಲಿದ್ದ ಬಾಗಲಕೋಟೆ ಕಡೆಯ ಹುಡುಗಿ ರೇಣುಕಾ ಅದೇ ಕಾಲೇಜಿನವಳು. ಅವಳೇ ಕರೆತಂದಿದ್ದಳು. ನನಗೆ ಇಂಗ್ಲಿಷ್ ಬರುವುದಿಲ್ಲ, ನೀಮಾಗೆ ಕನ್ನಡ ಬರುತ್ತಿರಲಿಲ್ಲ. ನಡುವೆ ರೇಣುಕಾ.

ನಾನು ಮೂರು ತಿಂಗಳ ಅಡ್ವಾನ್ಸು ಕೇಳಿದೆ. ಅವಳ ಹತ್ತಿರ ಒಂದು ತಿಂಗಳಿನದಷ್ಟೇ ಇತ್ತು.

"ಅಕ್ಕಾರ, ಪಾಪ, ನಿನ್ನೆ ಬಂದಾಳ್ರಿ. ಬ್ಯಾಂಕ್ ಖಾತೆನೂ ಇನ್ನ ತಗದಿಲ್ಲ," ಅಂದಳು ರೇಣುಕಾ.

"ಪಾಪ ಅಂತ ಬಿಟ್ರ ನಾ ಹಂಚು ತೊಳಕೊಂತ ಕುಂದರಬೇಕಾಗ್ತದ. ಒಂದು ತಿಂಗಳದ್ದ ಸಾಕು. ಆದ್ರ ಆ ಕೈಯಾಗಿನ ಬುಕ್ ಕೊಡು ಅಂತ ಹೇಳ."

ಅವಳ ಕೈಯಲ್ಲಿದ್ದ ಬುಕ್ ಎಂದರೆ ಪಾಸ್‌ಪೋರ್ಟು. ರೇಣುಕಾ ಹೇಳಿದಾಗ ನೀಮಾ ಅದನ್ನು ಎದೆಗೆ ಒತ್ತಿ ಹಿಡಿದು ತಲೆ ಅಲ್ಲಾಡಿಸಿದಳು. ನಾನು ಗೇಟಿನ ಕಡೆ ಕೈ ತೋರಿಸಿದೆ. ಹೊರಗೆ ಮಳೆ. ಆಟೋದವನು ಆಗಲೇ ಹೋಗಿದ್ದ. ಎದುರಿನವರಿಗೆ ಬೇರೆ ದಾರಿ ಇಲ್ಲದ ಹೊತ್ತು ಯಾವುದು ಎಂದು ನೋಡಿ ಮಾತು ಮುಗಿಸುವುದೇ ಚೌಕಾಶಿಯ ಗುಟ್ಟು. ಅವಳು ಕೊಟ್ಟಳು.

ಅದರ ಮೇಲೆ ಇನ್ನೊಂದು ಮಾತು ಹೇಳಿದೆ. ಹೊಸಬರಿಗೆಲ್ಲ ಹೇಳುವ ಮಾತೇ ಅದು. ನನ್ನ ಖೋಲಿಯ ಬಾಗಿಲು ತೋರಿಸಿ, "ಈ ಬಾಗಲಾ ಮುಟ್ಟಿದ್ರ ಪೊಲೀಸ್," ಅಂದೆ. ಎರಡೂ ಕೈ ಜೋಡಿಸಿ ಬೇಡಿ ಬಿದ್ದ ಹಾಗೆ ಮಾಡಿ ತೋರಿಸಿದೆ. ರೇಣುಕಾ ನಕ್ಕಳು. ನೀಮಾ ನಗಲಿಲ್ಲ.

ಪರದೇಶದವರ ಮೊದಲ ದಿನಗಳು ಹೇಗಿರುತ್ತವೆ ಎಂದು ನಾನು ಹತ್ತಿರದಿಂದ ನೋಡಿದ್ದು ಆಗಲೇ. ಅಂಗಡಿಗೆ ಹೋದರೆ ಜನ ನಿಂತು ನೋಡುವರು. ಬಸ್ಸಿನಲ್ಲಿ ಬಾಜೂ ಸೀಟು ಖಾಲಿ ಇದ್ದರೂ ಯಾರೂ ಕೂಡುತ್ತಿರಲಿಲ್ಲವಂತೆ. ನಲ್ಲಿ ನೀರು ದಿನಾ ಬರುವುದಿಲ್ಲ ಎನ್ನುವುದು ಗೊತ್ತಿಲ್ಲದೆ ಮೊದಲ ದಿನವೇ ಎರಡು ಕೊಡ ನೀರಲ್ಲಿ ಬಟ್ಟೆ ಒಗೆದು ನನ್ನಿಂದ ಬೈಸಿಕೊಂಡಳು. ಮೂರನೇ ಸಲ ನೀರು ಬಂದಾಗ ನಾನು ಏಳುವುದರೊಳಗೆ ನನ್ನ ಕೊಡಗಳನ್ನೂ ತುಂಬಿಸಿ ಇಟ್ಟಿದ್ದಳು. ಹಿಟ್ಟು ನಾದುವಾಗ ಅಡಿಗೆಮನೆ ಹೊಸ್ತಿಲಲ್ಲಿ ಬಂದು ಕೂತು ನೋಡುವಳು. ಅವರ ಕಡೆ ಮೆಕ್ಕೆಜೋಳದ ಹಿಟ್ಟನ್ನು ಬಿಸಿನೀರಲ್ಲಿ ಗಟ್ಟಿಯಾಗಿ ತಿರುವಿ ಉಣ್ಣುತ್ತಾರಂತೆ. ನಾನು ಬಡಿದ ರೊಟ್ಟಿ ಉಬ್ಬಿದಾಗ ಒಂದೇ ಬೆರಳಿಂದ ಮುಟ್ಟಿ ನೋಡುತ್ತಿದ್ದಳು.

ಸಂತೆಗೂ ಕರೆದುಕೊಂಡು ಹೋದೆ. "ಎಷ್ಟರಿ", "ಭಾಳ ಆತ್ರಿ", "ನೋಡ್ರಿ", ಈ ಮೂರು ಮಾತು ಕಲಿಸಿದೆ. "ಭಾಳ ಆತ್ರಿ ಅಂದು ಎರಡು ಹೆಜ್ಜಿ ಮುಂದ ಹೋಗಬೇಕು, ಹಿಂದ ನೋಡಬಾರದು," ಅಂತ ನಡೆದು ತೋರಿಸಿದೆ. ಅವಳು ಮೆಣಸಿನಕಾಯಿ ಮುದುಕಿಯ ಮುಂದೆ ಹಾಗೇ ಮಾಡಿದಳು. ಮುದುಕಿ, "ಬಾರವಾ ನಮ್ಮವ್ವ, ಇದನ್ನ ಆ ಶಾಂತಿ ಕಲಿಸ್ಯಾಳ ನಿನಗ," ಅಂದು ಕೊಟ್ಟೇಬಿಟ್ಟಳು.

ಸಂಜೆ ಹೊತ್ತು ಅವಳ ತಾಯಿ ವಿಡಿಯೋದಲ್ಲಿ ಬರುತ್ತಿದ್ದರು. ದಪ್ಪ ಹೆಂಗಸು, ತಲೆಗೆ ಹೂವಿನ ಬಟ್ಟೆ ಸುತ್ತಿಕೊಂಡಿರುತ್ತಿದ್ದರು. ಬಸ್ ನಿಲ್ದಾಣದ ಹತ್ತಿರ ದೊಡ್ಡ ಬೋಗುಣಿಯಲ್ಲಿ ಕಾಳು ಬೇಯಿಸಿ ಮಾರಿ ಮಕ್ಕಳನ್ನು ಓದಿಸಿದವರು. ಒಂದು ದಿನ ನನ್ನನ್ನು ಕರೆಯಲು ಹೇಳಿದರು. ನಾನು ರೊಟ್ಟಿ ತೋರಿಸಿದೆ, ಅವರು ಸೌಟು ತೋರಿಸಿದರು. ಆಮೇಲೆ ಏನೋ ಕೇಳಿದರು. ನೀಮಾ ನಾಚಿಕೊಂಡಳು. ರೇಣುಕಾ ನಗುತ್ತ ಹೇಳಿದಳು: "ಅಕ್ಕಾರ, ಬಾಡಿಗಿ ಭಾಳ ಆತು, ಕಡಿಮಿ ಮಾಡ್ರಿ ಅನ್ನಾಕತ್ತಾರ್ರಿ."

ನಾನು ಆಗುವುದಿಲ್ಲ ಎಂದು ಕೈ ಆಡಿಸಿದೆ. ಆ ಹೆಂಗಸು ಫೋನು ಅಲ್ಲೇ ನಿಲ್ಲಿಸಿ ಎದ್ದು ಹೋಗಿಬಿಟ್ಟರು. ಖಾಲಿ ಗೋಡೆ ಅಷ್ಟೇ ಕಾಣುತ್ತಿತ್ತು. ಎರಡು ಹೆಜ್ಜೆ ಮುಂದೆ ಹೋಗುವ ವಿದ್ಯೆ ಸಮುದ್ರದ ಆಚೆಗೂ ಇದೆ ಎಂದು ಆಗ ಗೊತ್ತಾಯಿತು. "ಕೂಗವಾ ನಿಮ್ಮವ್ವನ್ನ, ಇನ್ನೂರು ಬಿಟ್ಟೆ," ಅಂದೆ. ನನ್ನಿಂದ ಬಾಡಿಗೆ ಇಳಿಸಿದವರು ಅವರೊಬ್ಬರೇ. ವಾಪಸು ಬಂದು ಕೂತು ಹೊಟ್ಟೆ ಕುಲುಕಿಸಿ ನಕ್ಕರು. ನಾನು ಅವರ ಮುಖ ನೋಡಿದ್ದು ಅದೇ ಕೊನೆ.

ನೀಮಾ ಪಾಸ್‌ಪೋರ್ಟು ವಾಪಸು ಕೇಳಿರಲಿಲ್ಲ ಅಂತಲ್ಲ. ಎರಡು ಸಲ ಕೇಳಿದ್ದಳು. ಒಮ್ಮೆ ಬ್ಯಾಂಕಿಗೆ ಬೇಕೆಂದಾಗ ನಾನೇ ಜೊತೆಗೆ ಹೋಗಿ, ತೋರಿಸಿ, ತಿರುಗಿ ಕಪಾಟಿಗೆ ಹಾಕಿದೆ. ಇನ್ನೊಮ್ಮೆ, ಪರದೇಶದವರನ್ನು ಇಟ್ಟುಕೊಂಡ ಮನೆಯವರು ಪೊಲೀಸರಿಗೆ ತಿಳಿಸುವ ಫಾರ್ಮು ತುಂಬಬೇಕು, ಅದಕ್ಕೆ ಪಾಸ್‌ಪೋರ್ಟು ಬೇಕು ಎಂದು ಕಾಲೇಜಿನವರು ಹೇಳಿಕಳಿಸಿದ್ದರು. ಫಾರ್ಮು ತುಂಬಿದರೆ ಮನೆಗೆ ಬಾಡಿಗೆದಾರರಿದ್ದಾರೆಂದು ಪಾಲಿಕೆಯವರು ಕರ ಏರಿಸುತ್ತಾರೆ ಎನ್ನುವ ಲೆಕ್ಕ ನನ್ನದು. "ಪಂಚಮಿ ಮುಗೀಲಿ, ನೋಡೂಣಂತ," ಅಂದೆ.

ಪಂಚಮಿ ನಮ್ಮ ಕಡೆ ಹೆಣ್ಣುಮಕ್ಕಳ ಹಬ್ಬ. ವಯಸ್ಸು ಎಷ್ಟೇ ಆಗಲಿ, ಅಣ್ಣ ತಮ್ಮಂದಿರು ಬಂದು ತವರಿಗೆ ಕರೆದೊಯ್ಯಬೇಕು. ಹಿಂದಿನ ದಿನ ರೊಟ್ಟಿ ಪಂಚಮಿ. ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಕಾಳುಪಲ್ಲೆ, ಶೇಂಗಾ ಚಟ್ನಿ ಎಲ್ಲ ಮಾಡಿ ಓಣಿಗೆ ಹಂಚಿ ನೀಮಾಗೂ ಕೊಟ್ಟೆ. "ನಾಳೆ ಇವ್ರು ತಮ್ಮ ಅವ್ವನ ಮನಿಗೆ ಹೊಂಟಾರ," ಎಂದು ರೇಣುಕಾ ಅವಳಿಗೆ ತಿಳಿಸಿದಳು. ಅವಳು ನನ್ನ ನರೆತ ತಲೆ ನೋಡಿ ಏನೋ ಕೇಳಿದಳು. ರೇಣುಕಾ ನಕ್ಕು, "ಅವ್ವ ಇನ್ನ ಅದಾರೇನು ಅಂತ ಕೇಳಾಕತ್ತಾಳ್ರಿ," ಅಂದಳು. "ಇಲ್ಲ. ಅವ್ವ ಇಲ್ದಿದ್ರೂ ತವರು ತವರ," ಅಂದೆ.

ಮರುದಿನ ಮುಂಜಾನೆ ಆರೂವರೆಗೆ ಅಣ್ಣ ಗಾಡಿ ತಂದ. ನನ್ನ ಖೋಲಿಗೆ ಕೀಲಿ ಹಾಕಿ, ಗೊಂಚಲು ಟೊಂಕಕ್ಕೆ ಸಿಗಿಸಿ ಹೊರಟೆ.

ಇಲ್ಲಿ ನನ್ನ ಇನ್ನೊಂದು ಪದ್ಧತಿ ಹೇಳಬೇಕು. ಹಬ್ಬದ ದಿನ ಬಾಡಿಗೆಯವರ ಫೋನು ಎತ್ತಬಾರದು. ಎತ್ತಿದರೆ ನಲ್ಲಿ ಹೋಗಿದೆ, ಫ್ಯೂಸು ಹಾರಿದೆ ಅನ್ನುತ್ತಾರೆ. ಸಂಜೆ ತನಕ ಬಿಟ್ಟರೆ ತಾವೇ ಸರಿ ಮಾಡಿಕೊಳ್ಳುತ್ತಾರೆ. ಹಾಗಾಗಿ ತವರಿಗೆ ಹೋದ ಕೂಡಲೇ ಫೋನಿನ ಸದ್ದು ತೆಗೆದು ಚೀಲದಲ್ಲಿ ಹಾಕಿ ಗೂಟಕ್ಕೆ ತೂಗಹಾಕಿದೆ.

ನೀಮಾಗೆ ಮುಂಜಾನೆ ಎಂಟರ ಸುಮಾರಿಗೆ ಅವಳ ಅಕ್ಕನ ಫೋನು ಬಂತಂತೆ. ತಾಯಿ ಹಿಂದಿನ ದಿನ ಬೋಗುಣಿ ಇಳಿಸುವಾಗಲೇ ಕುಸಿದು ಬಿದ್ದಿದ್ದರು. ಆಸ್ಪತ್ರೆಯಲ್ಲಿ ಒಂದು ಮಗ್ಗುಲು ಪೂರ್ತಿ ಸೋತಿತ್ತು. ಡಾಕ್ಟರು, ಬರುವವರಿದ್ದರೆ ಬೇಗ ಬರಲಿ ಅಂದಿದ್ದರು. ಅವಳ ಸೋದರಮಾವ ಟಿಕೆಟ್ ತೆಗೆಸಿ ಕಳಿಸಿದ. ಅಂದು ರಾತ್ರಿ ಎರಡು ಗಂಟೆಗೆ ಮುಂಬೈಯಿಂದ ವಿಮಾನ. ಅವರ ಊರಿಗೆ ಅಲ್ಲಿಂದ ವಿಮಾನ ದಿನಾ ಇರುವುದಿಲ್ಲ, ಅದು ಬಿಟ್ಟರೆ ನಾಲ್ಕನೇ ದಿನಕ್ಕೆ. ಹುಬ್ಬಳ್ಳಿಯಿಂದ ಮುಂಬೈಗೆ ವಿಮಾನದಲ್ಲಿ ಅಂದು ಜಾಗ ಸಿಗಲಿಲ್ಲ. ರೇಣುಕಾ ಒಂದು ಕಾರು ಗೊತ್ತು ಮಾಡಿದಳು. ಡ್ರೈವರು, "ಮಳಿಗಾಲ, ರಸ್ತಾ ಕೆಲಸ ನಡದೈತಿ. ಒಂದು ಗಂಟೆಗೆ ಬಿಟ್ರ ಮುಟ್ಟಸ್ತೇನಿ, ಆಮ್ಯಾಲ ನನ್ನ ಕೇಳಬ್ಯಾಡ್ರಿ," ಅಂದಿದ್ದ. ಬ್ಯಾಗು ತಯಾರು. ಟಿಕೆಟ್ಟು ತಯಾರು. ಪಾಸ್‌ಪೋರ್ಟು ಎರಡು ಬಾಗಿಲಿನ ಒಳಗೆ.

ರೇಣುಕಾ ಫೋನು ಹಚ್ಚಿದಳು. ಹಚ್ಚುತ್ತಲೇ ಇದ್ದಳು. ಆ ಹೊತ್ತಿಗೆ ನಾನು ಅಣ್ಣನ ಮನೆ ಮುಂದೆ ನಾಗಪ್ಪನಿಗೆ ಹಾಲು ಎರೆಯುತ್ತಿದ್ದೆ. ಕೊಬ್ಬರಿ ಬಟ್ಟಲಲ್ಲಿ ಹಾಲು ಹಿಡಿದು ಒಬ್ಬೊಬ್ಬರ ಹೆಸರಿನಲ್ಲಿ ಎರೆಯುವುದು ನಮ್ಮ ರೂಢಿ. ದೇವರ ಪಾಲು, ಅಪ್ಪನ ಪಾಲು, ಅವ್ವನ ಪಾಲು, ಅಣ್ಣನ ಪಾಲು. ರೇಣುಕಾ ಫೋನು ಹಚ್ಚಿದ ವೇಳೆಯನ್ನು ಎಲ್ಲ ಮುಗಿದ ಮೇಲೆ ಫೋನಿನಲ್ಲಿ ನೋಡಿದೆ. ನಾನು ಅವ್ವನ ಪಾಲು ಎರೆಯುವಾಗ ಗೂಟದ ಮೇಲೆ ಫೋನು ನಡುಗುತ್ತಿತ್ತು.

ಹತ್ತಕ್ಕೆ ರೇಣುಕಾ ನನ್ನನ್ನು ಹುಡುಕಿಕೊಂಡು ಬಸ್ಸು ಹತ್ತಿದಳು. ಹಬ್ಬದ ಬಸ್ಸು, ಕಾಲಿಡಲು ಜಾಗವಿಲ್ಲ, ಧಾರವಾಡದಲ್ಲಿ ಒಂದು ಬಸ್ಸು ತಪ್ಪಿತು. ಉಪ್ಪಿನಬೆಟಗೇರಿಗೆ ಬಂದು, "ನವನಗರದ ಶಾಂತಕ್ಕನ ತವರುಮನಿ ಎಲ್ಲಿ" ಎಂದು ಕೇಳಿದ್ದಾಳೆ. ಯಾರಿಗೂ ಗೊತ್ತಿಲ್ಲ. ನಮ್ಮಲ್ಲಿ ಮದುವೆಯಲ್ಲಿ ಹುಡುಗಿಯ ಹೆಸರು ಬದಲಿಸುತ್ತಾರೆ. ಶಾಂತವ್ವ ಅನ್ನುವುದು ಗಂಡನ ಮನೆಯವರು ಇಟ್ಟ ಹೆಸರು. ನನ್ನ ಊರಿನಲ್ಲಿ ನಾನು ಇವತ್ತಿಗೂ ಚೆನ್ನವ್ವ. ನೂರಾರು ಮನೆಯ ಊರಿನಲ್ಲಿ ಆ ಹುಡುಗಿ ಇಲ್ಲದ ಹೆಸರು ಹಿಡಿದು ಎರಡು ತಾಸು ಓಣಿ ಓಣಿ ತಿರುಗಿದಳು. ಕೊನೆಗೆ ಒಬ್ಬ ಮುದುಕ, "ರೊಟ್ಟಿ ಮಾರಾಕಿ ಏನವಾ? ಹಂಗಂದ್ರ ನಮ್ಮ ಚೆನ್ನಿ," ಎಂದು ಕರೆತಂದನಂತೆ.

ಆಗ ಎರಡೂವರೆ. ಹುಣಸೆ ಮರಕ್ಕೆ ಕಟ್ಟಿದ ಜೋಕಾಲಿಯ ಮೇಲೆ ಸೆರಗು ಸಿಗಿಸಿ ನಿಂತು ಜೀಕುತ್ತಿದ್ದೆ. ಮೇಲಿಂದ ನೋಡಿದರೆ ರೇಣುಕಾ, ಮೊಣಕಾಲಿನ ತನಕ ಕೆಸರು.

"ಏನವಾ, ನೀರು ಬಂದಿಲ್ಲೇನು?" ಅಂದೆ ಮೇಲಿನಿಂದಲೇ.

ಅವಳು ಓಡಿ ಬಂದಳು. ಜೋಕಾಲಿಯ ಹಗ್ಗ ಹಿಡಿದು ನಿಲ್ಲಿಸಿದಳು. "ಕೀಲಿ ಕೊಡ್ರಿ," ಅಂದಳು.

ಅಣ್ಣ ಗಾಡಿ ಹೇಗೆ ಓಡಿಸಿದ ಎಂದು ಈಗ ನೆನಪಿಲ್ಲ. ಅಮ್ಮಿನಬಾವಿ ದಾಟುವಾಗ ಎತ್ತುಗಳ ಸಾಲು ಅಡ್ಡ ಬಂದು ನಿಂತೆವು. ಆಗ ರೇಣುಕಾ ಮನೆಯಲ್ಲಿ ನಡೆದದ್ದನ್ನೆಲ್ಲ ಬಿಡಿಸಿ ಹೇಳಿದಳು.

"ಬಾಗಲಾ ಒಡೀಬೇಕಿತ್ತಲ್ಲವಾ? ಹಬ್ಬ ಆದ್ರೇನು, ಯಾರಾದ್ರೂ ಬಡಗ್ಯಾರು ಸಿಗತಿದ್ರು," ಅಂದೆ.

"ನಾ ಕಲ್ಲು ತಂದಿದ್ದೆ ಅಕ್ಕಾರ. ಆಕಿ ನನ್ನ ಕೈ ಹಿಡದ್ಲು. ಪೊಲೀಸ್, ಪೊಲೀಸ್ ಅಂದ್ಲು. ಪರದೇಶದಾಕಿ, ಕೇಸ್ ಆದ್ರ ವೀಸಾನೂ ಹೋಗ್ತೈತಿ, ವಿಮಾನನೂ ಹತ್ತಿಸಂಗಿಲ್ಲ ಅಂದ್ಲು. ನೀವ ಹೇಳಿದ್ರಲ್ಲ."

ಮನೆ ಮುಟ್ಟಿದಾಗ ಮೂರೂಮುಕ್ಕಾಲು. ಕಾರು ಇನ್ನೂ ಗೇಟಿನ ಮುಂದೆಯೇ ಇತ್ತು. ನೀಮಾ ನನ್ನ ಖೋಲಿಯ ಬಾಗಿಲಿನ ಎದುರು ನೆಲದ ಮೇಲೆ, ಬ್ಯಾಗಿನ ಮೇಲೆ ಕೈಯಿಟ್ಟು ಕೂತಿದ್ದಳು. ಬಾಗಿಲಿಗೆ ಆತುಕೊಂಡಿರಲಿಲ್ಲ. ಒಂದು ಮೊಳ ಬಿಟ್ಟು ಕೂತಿದ್ದಳು. ಅವಸರಕ್ಕೆ ಕೀಲಿ ಎರಡು ಸಲ ಕೆಳಗೆ ಬಿತ್ತು. ಎರಡು ಸಲವೂ ಅವಳೇ ಎತ್ತಿಕೊಟ್ಟಳು. ಪಾಸ್‌ಪೋರ್ಟು ತೆಗೆದು ಕೊಟ್ಟು ಅವಳನ್ನು ಕೈ ಹಿಡಿದು ಗೇಟಿಗೆ ಎಳೆದುಕೊಂಡು ಹೋದೆ.

"ಓಡಸಪಾ ತಮ್ಮ. ದುಪ್ಪಟ್ಟು ಕೊಡ್ತೇನಿ. ಬೇಕಾದ್ದು ಕೇಳು," ಅಂದೆ ಡ್ರೈವರಿಗೆ. ಜೀವಮಾನದಲ್ಲಿ ನಾನಾಗಿಯೇ ಏರಿಸಿದ ರೇಟು ಅದೊಂದೇ.

ಅವನು ಬೀಡಿ ಆರಿಸಿ ಎದ್ದು ನಿಂತ. "ಅಕ್ಕಾರ, ಹನ್ನೊಂದು ತಾಸಿನ ದಾರಿ. ಎರಡಕ್ಕ ಏರೋ ವಿಮಾನ, ಒಂದಕ್ಕ ಬಾಗಲಾ ಹಾಕ್ತಾರ. ನಾವು ಮುಟ್ಟೂದ್ರೊಳಗ ಮೂರು ಆಗ್ತೈತಿ. ರೊಕ್ಕ ಕೊಟ್ರ ರಸ್ತಾ ಸಣ್ಣದಾಗಂಗಿಲ್ಲ."

ನೀಮಾ ಡ್ರೈವರಿಗೆ ಏನೋ ಹೇಳಿ, ಕಾದಿದ್ದಕ್ಕೆ ಕೈಯಲ್ಲಿದ್ದುದನ್ನು ಕೊಟ್ಟು, ಬ್ಯಾಗು ಎತ್ತಿಕೊಂಡು ಮೆಟ್ಟಿಲು ಹತ್ತಿದಳು.

ನಾಲ್ಕನೇ ದಿನದ ವಿಮಾನಕ್ಕೆ ಟಿಕೆಟ್ ಬದಲಿಸಿದರು. ಆದರೆ ಮೂರನೇ ದಿನ ಮಧ್ಯಾಹ್ನ ತಾಯಿ ಹೋದರು. ಅವರಲ್ಲಿ ಮಣ್ಣು ಮಾಡಲು ತಡ ಮಾಡುವುದಿಲ್ಲ, ಅಂದು ಸಂಜೆಯೇ ಮುಗಿಯಿತು. ನೀಮಾ ನಮ್ಮ ಮಾಳಿಗೆಯ ಮೇಲೆ ನೀರಿನ ಟಾಕಿಯ ಪಕ್ಕ ನಿಂತು ಫೋನಿನಲ್ಲಿ ನೋಡಿದಳು. ಸಿಗ್ನಲ್ಲು ಅಲ್ಲಿ ಚಲೋ ಬರುತ್ತಿತ್ತು. ನಾನು ಮೆಟ್ಟಿಲ ಮೇಲೆ ಅರ್ಧಕ್ಕೆ ನಿಂತಿದ್ದೆ, ಮೇಲೆ ಹೋಗುವ ಧೈರ್ಯವಾಗಲಿಲ್ಲ. ತಾಯಿ ಎರಡು ದಿನ ಎಚ್ಚರವಿದ್ದರಂತೆ, ಬಾಗಿಲು ಸಪ್ಪಳವಾದಾಗೆಲ್ಲ ಆ ಕಡೆ ಕಣ್ಣು ತಿರುಗಿಸುತ್ತಿದ್ದರಂತೆ. ಇದನ್ನು ಅವಳ ಅಕ್ಕ ಹೇಳಿದ್ದು. ರೇಣುಕಾ ನನಗೆ ಹೇಳಬಾರದಿತ್ತು, ಆದರೆ ಹೇಳಿದಳು. ಹೇಳಿದ್ದೇ ಒಳ್ಳೆಯದಾಯಿತು.

ಟಿಕೆಟ್ಟು ರದ್ದಾಯಿತು. ಅವಳು ಊರಿಗೆ ಹೋಗಲೇ ಇಲ್ಲ. ತವರಿನಿಂದ ಅತ್ತಿಗೆ ಕಟ್ಟಿಕೊಟ್ಟ ಉಂಡಿಯ ಡಬ್ಬಿ ಅವಳ ಖೋಲಿಯ ಮುಂದೆ ಇಟ್ಟು ಬಂದೆ. ಎರಡು ದಿನ ಇಟ್ಟಲ್ಲೇ ಇತ್ತು. ಆಮೇಲೆ ನಾನೇ ತಂದೆ.

ಹತ್ತು ದಿನಕ್ಕೆ ಹಾಸ್ಟೆಲಿನಲ್ಲಿ ಜಾಗ ಸಿಕ್ಕಿತು. ಹೋಗುವ ದಿನ ಬ್ಯಾಗು ಹೊರಗಿಟ್ಟು ನನ್ನನ್ನು ಕರೆದಳು. ನಾನು ಅಡ್ವಾನ್ಸು ಪೂರ್ತಿ ಹಿಡಿದುಕೊಂಡೇ ಮೇಲೆ ಹೋದೆ. ಅವಳು ತೆಗೆದುಕೊಳ್ಳಲಿಲ್ಲ. ಬಾಗಿಲಲ್ಲಿ ನಿಂತು, "ನೋಡ್ರಿ," ಅಂದಳು. ನಾನೇ ಸಂತೆಯಲ್ಲಿ ಕಲಿಸಿದ ಮಾತು.

"ಬ್ಯಾಡವಾ, ಏನ ನೋಡೂದು," ಅಂದೆ.

"ನೋಡ್ರಿ," ಅಂದಳು ಮತ್ತೆ. ಒಳಗೆ ಹೋಗಿ ಫ್ಯಾನಿನ ಗುಂಡಿ ಒತ್ತಿದಳು. ಫ್ಯಾನು ತಿರುಗಿತು. ನಲ್ಲಿ ತಿರುವಿದಳು. ಕಿಟಕಿಯ ಒಂದೊಂದು ಗಾಜು ಮುಟ್ಟಿ ತೋರಿಸಿದಳು. ಖೋಲಿ ಕನ್ನಡಿಯ ಹಾಗಿತ್ತು. ನಾನು ಎಲ್ಲದಕ್ಕೂ ತಲೆ ಆಡಿಸುವ ತನಕ ಬಿಡಲಿಲ್ಲ. ಆಮೇಲೆ ರೊಕ್ಕ ತೆಗೆದುಕೊಂಡು, ಖೋಲಿಯ ಕೀಲಿ ನನ್ನ ಅಂಗೈಯಲ್ಲಿಟ್ಟು ಇಳಿದು ಹೋದಳು. ಬೈದಿದ್ದರೆ ಬೈಸಿಕೊಳ್ಳುತ್ತಿದ್ದೆ. ಕಾಲು ಹಿಡಿಯಬೇಕೆಂದು ಮನಸ್ಸಿನಲ್ಲಿತ್ತು. ಅವಳು ಅದಕ್ಕೂ ಅವಕಾಶ ಕೊಡಲಿಲ್ಲ, ಲೆಕ್ಕ ಚುಕ್ತಾ ಮಾಡಿ ಹೋದಳು. ಮುಂದೆ ಒಮ್ಮೆ ಸಂತೆಯಲ್ಲಿ ಕಂಡಳು. ನನ್ನನ್ನು ನೋಡಿ ಎರಡು ಹೆಜ್ಜೆ ಮುಂದೆ ಹೋದಳು. ಹಿಂದೆ ನೋಡಲಿಲ್ಲ.

ಅವಳು ಖೋಲಿ ಬಿಟ್ಟ ದಿನವೇ ಕಪಾಟು ತೆಗೆದು, ಉಳಿದ ಹುಡುಗಿಯರನ್ನು ಕರೆದು ಅವರ ಮಾರ್ಕ್ಸ್ ಕಾರ್ಡುಗಳನ್ನೆಲ್ಲ ಕೊಟ್ಟೆ. ಈಗಲೂ ಪಂಚಮಿಗೆ ತವರಿಗೆ ಹೋಗುತ್ತೇನೆ. ಹಾಲು ಎರೆಯುವಾಗ ಅವ್ವನ ಪಾಲು ಬಂದಾಗ ಬಟ್ಟಲನ್ನು ಅತ್ತಿಗೆಗೆ ಕೊಡುತ್ತೇನೆ. ನನ್ನ ಪರವಾಗಿ ಅವಳೇ ಅಂದು ಮುಗಿಸುತ್ತಾಳೆ.

ನಮ್ಮ ಹುಬ್ಬಳ್ಳಿ-ಧಾರವಾಡದಲ್ಲಿ ಖೋಲಿ ಬಾಡಿಗೆಗೆ ಕೊಡುವವರು ಬಹಳ ಜನ ಇದ್ದೀರಿ, ನನ್ನ ಮಾತು ಕೇಳಿ. ಬಾಡಿಗೆಗೆ ಎಷ್ಟು ಬೇಕೋ ಅಷ್ಟು ಜಗ್ಗಾಡಿ, ತಪ್ಪಿಲ್ಲ. ಅಡ್ವಾನ್ಸು ಬೇಕಿದ್ದರೆ ರೊಕ್ಕದಲ್ಲೇ ತೆಗೆದುಕೊಳ್ಳಿ, ಅವರ ಹತ್ತಿರ ಇಲ್ಲದಿದ್ದರೆ ಕಂತು ಮಾಡಿಕೊಡಿ. ಕಾಗದ ಬೇಕೆಂದರೆ ಝೆರಾಕ್ಸ್ ಇಟ್ಟುಕೊಳ್ಳಿ, ಅಸಲನ್ನು ಅವರ ಕಣ್ಣೆದುರಿಗೇ ವಾಪಸು ಕೊಡಿ. ಇನ್ನೊಬ್ಬರ ಪಾಸ್‌ಪೋರ್ಟು ಇಟ್ಟುಕೊಳ್ಳುವ ಹಕ್ಕು ನಮಗಿಲ್ಲ, ಇದನ್ನು ನಾನು ತಡವಾಗಿ ತಿಳಿದುಕೊಂಡೆ. ಪರದೇಶದವರು ಬಂದರೆ ಪೊಲೀಸರಿಗೆ ತಿಳಿಸುವ ಫಾರ್ಮನ್ನು ಮರುದಿನದೊಳಗೆ ತುಂಬಿ, ಮುಂದೆ ಹಾಕಬೇಡಿ. ಹೊಸದಾಗಿ ಬಂದವರನ್ನು ಹೆದರಿಸಲು ಪೊಲೀಸ್ ಎನ್ನುವ ಮಾತು ನಗೆಗೂ ಆಡಬೇಡಿ. ನಮಗೆ ಅದು ನಗೆ, ಅವರಿಗೆ ಅಲ್ಲ. ನಿಮ್ಮ ಅಣ್ಣನ ಹೆಸರು, ಓಣಿ, ತವರಲ್ಲಿ ನಿಮ್ಮನ್ನು ಕರೆಯುವ ಹೆಸರು, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಬಾಡಿಗೆಯವರ ಗೋಡೆಗೆ ಅಂಟಿಸಿ. ಹಬ್ಬದ ದಿನ ಫೋನು ಬಂದರೆ ಎತ್ತಿ, ನಲ್ಲಿ ಹೋದ ಸುದ್ದಿಯೇ ಆಗಿರಲಿ.

ಮತ್ತೆ ತವರಿಗೆ ಹೊರಟಾಗ ಟೊಂಕ ಮುಟ್ಟಿ ನೋಡಿಕೊಳ್ಳಿ. ಮನೆಯ ಕೀಲಿ ಅಲ್ಲಿದ್ದರೆ ತೆಗೆದು, ಮನೆಯಲ್ಲಿ ಉಳಿಯುವವರ ಕೈಗೆ ಕೊಟ್ಟು ಹೋಗಿ.